ಕೊಬ್ಬರಿ ಅಟ್ಟದ ಸ್ಪೆಕ್ಟ್ರೋಮೀಟರ್

ಆ ಅಟ್ಟದ ತುದಿಯವರೆಗೂ ಹೋಗಿದ್ದೆಯಾ ಎಂದು ಯಾರಾದರೂ ಕೇಳಿದರೆ ಹೌದು ಎನ್ನುತ್ತೇನೆ. ಹೋಗಿ ಏನು ನೋಡಿದೆ ಎಂದು ಕೇಳಿದರೆ ಮಾತ್ರ ನಾಲಿಗೆ ತಡೆಯುತ್ತದೆ. ತೆಂಗಿನಕಾಯಿಗಳ ಮೇಲೆ ಹೊಟ್ಟೆ ಊರಿ ತೆವಳುತ್ತಿರುವ ಒಬ್ಬ ತೆಳ್ಳನೆಯ ಮನುಷ್ಯ ನನಗೆ ಕಾಣುತ್ತಾನೆ. ಅವನನ್ನು ನಾನು ಹಿಂದಿನಿಂದ ನೋಡುತ್ತಿರುತ್ತೇನೆ. ಅವನ ಮಸಿ ಹಿಡಿದ ಅಂಗಾಲುಗಳು ಕಾಣುತ್ತವೆ. ತನ್ನ ಅಂಗಾಲನ್ನು ತಾನೇ ಹಿಂದಿನಿಂದ ನೋಡಿದ ನೆನಪು ಯಾರಿಗಾದರೂ ಇರಲು ಹೇಗೆ ಸಾಧ್ಯ? ಹಾಗಾಗಿ ಇದರಲ್ಲಿ ಸ್ವಲ್ಪವನ್ನಾದರೂ ನಾನು ಆಮೇಲೆ ಕಟ್ಟಿಕೊಂಡಿರಬೇಕು. ಯಾವ ಭಾಗವನ್ನು ಎನ್ನುವುದು ಗೊತ್ತಿಲ್ಲ. ನೆನಪಿರುವ ಹಾಗೆ ಬರೆಯುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಯಾವ ಊರಿನಲ್ಲೂ ಒಂದು ವರ್ಷಕ್ಕಿಂತ ಹೆಚ್ಚು ನಿಲ್ಲಲಾಗದೆ ಅಲೆದು, ಕೊನೆಗೆ ನಾನು ಡಿಗ್ರಿ ಓದಿದ್ದ ತಿಪಟೂರಿನ ಕಾಲೇಜಿಗೇ ಹಂಗಾಮಿ ಮೇಷ್ಟ್ರಾಗಿ ಬಂದಿದ್ದೆ. ಭೌತಶಾಸ್ತ್ರ ವಿಭಾಗ. ಕಾಲೇಜಿಗೆ ದರ್ಜೆ ಕೊಡುವ ತಂಡವೊಂದು ಬರುವುದಿತ್ತು. ಬಂದವರಿಗೆ ತೋರಿಸಲೆಂದು ಆಡಳಿತ ಮಂಡಳಿಯವರು ಒಂದು ಸಾಫ್ಟ್‌ವೇರ್ ಕೊಂಡು ತಂದಿದ್ದರು. ಪ್ರಯೋಗಾಲಯಗಳಲ್ಲಿರುವ ಪ್ರತಿ ಉಪಕರಣವನ್ನೂ ಕಂಪ್ಯೂಟರಿಗೆ ಏರಿಸಿ, ಅದರ ಮೇಲೊಂದು ಬಾರ್‌ಕೋಡ್ ಸ್ಟಿಕರ್ ಅಂಟಿಸಿ, ಅದು ಎಲ್ಲಿದೆ ಎಂದು ದಾಖಲಿಸುವುದು ಅದರ ಕೆಲಸ. ಕಂಪ್ಯೂಟರ್ ಮುಟ್ಟಲು ಹೆದರದವನು ವಿಭಾಗದಲ್ಲಿ ನಾನೊಬ್ಬನೇ ಆಗಿದ್ದರಿಂದ ಸಿ.ಡಿ. ನನ್ನ ಕೈಗೆ ಬಂತು.

ಮಧ್ಯಾಹ್ನ ಪಾಠಗಳೆಲ್ಲ ಮುಗಿದ ಮೇಲೆ ನಾನು ಸ್ಟಿಕರ್ ಸುರುಳಿಯನ್ನು ಬಳೆಯ ಹಾಗೆ ಮುಂಗೈಗೆ ಹಾಕಿಕೊಂಡು ಬೀರುಗಳನ್ನು ಒಂದೊಂದಾಗಿ ತೆರೆಯುತ್ತಿದ್ದೆ. ಒಳಗಿಂದ ನುಸಿಗುಳಿಗೆ, ಸ್ಪಿರಿಟ್, ಹಳೆಯ ಹಿತ್ತಾಳೆ ಸೇರಿದ ಒಂದು ತಣ್ಣನೆಯ ವಾಸನೆ ಹೊರಗೆ ಬರುತ್ತಿತ್ತು. ಶ್ರುತಿಕವೆಗಳು ಮಲಗಿರುತ್ತಿದ್ದವು. ಯಾವುದಾದರೊಂದು ಬೆರಳಿಗೆ ತಾಗಿದರೆ ಬೀರುವಿನ ಕತ್ತಲೆಯೆಲ್ಲ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಕಿಟಕಿಯಾಚೆ ಕೊಬ್ಬರಿ ಮೂಟೆ ಹೊತ್ತ ಲಾರಿಗಳು ಮಾರ್ಕೆಟ್ಟಿನ ಕಡೆಗೆ ತೂಗಾಡುತ್ತ ಹೋಗುತ್ತಿದ್ದವು. ಆ ಕೆಲಸ ನನಗೆ ಇಷ್ಟವಾಗಿತ್ತು. ಈ ಲೋಕದಲ್ಲಿ ಇರುವ ಪ್ರತಿ ವಸ್ತುವಿಗೂ ಒಂದೇ ಒಂದು ಜಾಗವಿದೆ ಎಂದು ಆ ಸಾಫ್ಟ್‌ವೇರ್ ಬಲವಾಗಿ ನಂಬಿತ್ತು. ಕಟ್ಟಡ, ಮಹಡಿ, ಕೊಠಡಿ, ಬೀರು, ಖಾನೆ ಎಂದು ಚೌಕಗಳಿದ್ದವು. ಒಂದನ್ನು ಖಾಲಿ ಬಿಟ್ಟರೂ ಮುಂದಕ್ಕೆ ಬಿಡುತ್ತಿರಲಿಲ್ಲ. ನಮ್ಮ ಸಾಮಾನುಗಳಿಗೆ ಆ ನಂಬಿಕೆ ಇರಲಿಲ್ಲ. ಸ್ಟಾಪ್‌ವಾಚು ವ್ಯಾಯಾಮದ ಮೇಷ್ಟ್ರ ಕೊರಳಿನಲ್ಲಿತ್ತು. ವಾಯುಭಾರಮಾಪಕ ನೋಡಲು ಚೆನ್ನಾಗಿದೆಯೆಂದು ಪ್ರಿನ್ಸಿಪಾಲರ ಕೋಣೆಯ ಗೋಡೆ ಸೇರಿತ್ತು. ಒಂದು ಸೂಕ್ಷ್ಮದರ್ಶಕ ಸಸ್ಯಶಾಸ್ತ್ರದವರ ಹತ್ತಿರ ಹೋಗಿ ಅಲ್ಲಿಯದೇ ಆಗಿಬಿಟ್ಟಿತ್ತು.

ವಸ್ತುವನ್ನು ಕಣ್ಣಾರೆ ಕಂಡ ಮೇಲೆ ಪರದೆಯ ಮೇಲಿನ ಒಂದು ಗುಂಡಿಯನ್ನು ಒತ್ತಬೇಕು. ಅದರ ಮೇಲೆ ಇಂಗ್ಲಿಷಿನಲ್ಲಿ ‘ಸೈಟೆಡ್’ ಎಂದಿತ್ತು. ಕಂಡಿದೆ ಎಂದು ಅರ್ಥ. ಒತ್ತಿದ ಕೂಡಲೇ ಕೆಂಪಗಿದ್ದ ಸಾಲು ಹಸಿರಾಗುತ್ತಿತ್ತು. ಮಳೆ ಬಿದ್ದ ಹೊಲದ ಹಾಗೆ ದಿನದಿಂದ ದಿನಕ್ಕೆ ಪರದೆ ಹಸಿರಾಗುತ್ತ ಬಂದು, ಕೊನೆಗೆ ನಮ್ಮ ವಿಭಾಗದಲ್ಲಿ ಒಂದೇ ಒಂದು ಕೆಂಪು ಸಾಲು ಉಳಿಯಿತು. ಅದು ಒಳ್ಳೆಯ ಸ್ಪೆಕ್ಟ್ರೋಮೀಟರ್.

ಹುಡುಗರ ಪ್ರಯೋಗಕ್ಕೆ ಸಾಧಾರಣವಾದ ಸ್ಪೆಕ್ಟ್ರೋಮೀಟರುಗಳು ಬೇರೆ ಇದ್ದವು. ಇದು ಹಳೆಯದು, ಹೊರದೇಶದ್ದು, ತೇಗದ ಪೆಟ್ಟಿಗೆಯಲ್ಲಿ ಕೂರುವಂಥದು. ಬೆಳಕು ಗಾಜನ್ನು ಹಾದುಹೋಗುವಾಗ ಎಷ್ಟು ಬಾಗುತ್ತದೆ ಎಂದು ಅಳೆಯುವ ಯಂತ್ರ. ಅದನ್ನು ಮುಟ್ಟುತ್ತಿದ್ದವರು ಒಬ್ಬರೇ, ನಮ್ಮ ವಿಭಾಗದ ಹಿರಿಯ ಮೇಡಂ. ನನಗೆ ಡಿಗ್ರಿಯಲ್ಲಿ ಪಾಠ ಹೇಳಿದವರು. ಯಾವ ಅಳತೆಯನ್ನೂ ಮೂರು ಸಲ ತೆಗೆದುಕೊಳ್ಳದೆ ನಂಬಬಾರದು ಎಂದು ನನ್ನ ತಲೆಗೆ ತುಂಬಿದವರೂ ಅವರೇ. ಆಗ ಅವರಿಗೆ ನಲವತ್ತೈದರ ಆಸುಪಾಸು. ಮೈಸೂರಿಗೆ ಹೋಗಿ ಪಿಎಚ್‌.ಡಿ. ಮಾಡಲು ಮೂರು ವರ್ಷದ ರಜೆ ಬೇಕೆಂದು ನಾನು ವಿದ್ಯಾರ್ಥಿಯಾಗಿದ್ದಾಗಿನಿಂದಲೂ ಕೇಳುತ್ತಿದ್ದರು. ಆ ವರ್ಷ ಕೊನೆಗೂ ಮಂಜೂರಾಗಿತ್ತು. ತಿಂಗಳ ಕೊನೆಯೊಳಗೆ ಹೋಗಿ ಸೇರದಿದ್ದರೆ ಆ ಜಾಗ ಮುಂದಿನವರಿಗೆ ಹೋಗುತ್ತಿತ್ತು. ಇನ್ನೊಮ್ಮೆ ಕೇಳುವಷ್ಟು ವಯಸ್ಸು ಉಳಿದಿರಲಿಲ್ಲ.

ಪ್ರಿನ್ಸಿಪಾಲರು ಕಂಪ್ಯೂಟರಿನ ಹಿಂದೆ ನಿಂತು ಕನ್ನಡಕ ಏರಿಸಿ ನೋಡಿದರು.

“ಏನ್ರೀ, ಇನ್ನೂ ಒಂದು ಕೆಂಪು ಉಳ್ಕೊಂಡಿದೆಯಲ್ರೀ?”

“ಹುಡುಕ್ತಾ ಇದೀನಿ ಸಾರ್.”

“ಅದು ಮೇಡಂ ಚಾರ್ಜಲ್ಲಿರೋದು ಅಲ್ವೇನ್ರೀ? ಕೆಂಪು ಇರೋವರೆಗೂ ನಾನು ಯಾರನ್ನೂ ರಿಲೀವ್ ಮಾಡಲ್ಲ ಅಂತ ಹೇಳ್ಬಿಡಿ. ನಾಳೆ ಕಮಿಟಿಯವರು ಕೇಳಿದ್ರೆ ನಾನು ಮೈಸೂರಿಗೆ ಫೋನ್ ಹಚ್ಚಿಕೊಂಡು ಕೂತ್ಕೊಳ್ಳೋಕಾಗುತ್ತೇನ್ರೀ?”

ನಾನು ಹೇಳಿದೆ. ಮೇಡಂ ಡಸ್ಟರನ್ನು ಕಿಟಕಿಗೆ ಬಡಿದು ಸುಣ್ಣದ ಪುಡಿ ಉದುರಿಸಿದರು. ಮಾರನೆಯ ದಿನ ಕ್ಯಾಂಟೀನಿನ ಹಿಂದಿನ ಕಲ್ಲಿನ ಮೇಲೆ ಕೂರಿಸಿ, ಕಾಫಿ ತರಿಸಿ, ತಾವಾಗಿಯೇ ಬಾಯಿಬಿಟ್ಟರು.

ಹಿಂದಿನ ವರ್ಷ ಮಳೆಗಾಲದಲ್ಲಿ ಪ್ರಯೋಗಾಲಯದ ತಾರಸಿ ಸೋರಿ, ಸ್ಪೆಕ್ಟ್ರೋಮೀಟರಿನ ದೂರದರ್ಶಕದ ಮಸೂರಗಳಿಗೆ ಬೂಷ್ಟು ಹಿಡಿಯತೊಡಗಿತ್ತು. ಹೇಳಿದರೆ ಯಾರೂ ಕೇಳಲಿಲ್ಲ. ಗಾಜಿಗೆ ಬೂಷ್ಟು ಒಮ್ಮೆ ಬೇರು ಬಿಟ್ಟರೆ ಆ ಯಂತ್ರದ ಕಥೆ ಮುಗಿದ ಹಾಗೆ. ತಿಪಟೂರಿನ ಅವರ ಬಾಡಿಗೆ ಮನೆಯಲ್ಲೂ ತೇವ. ಅವರಿಗೆ ಗೊತ್ತಿದ್ದ ಪೂರಾ ಒಣ ಜಾಗ ಒಂದೇ, ಕಂದಿಕೆರೆ ಕಡೆಯ ಹಳ್ಳಿಯಲ್ಲಿದ್ದ ಅತ್ತೆ ಮನೆಯ ಕೊಬ್ಬರಿ ಅಟ್ಟ. ನಮ್ಮ ಸೀಮೆಯಲ್ಲಿ ಬಲಿತ ಕಾಯಿಗಳನ್ನು ಸಿಪ್ಪೆಸಮೇತ ಅಟ್ಟಕ್ಕೆ ತುಂಬಿ ಹೆಚ್ಚು ಕಡಿಮೆ ವರ್ಷ ಬಿಡುತ್ತಾರೆ. ಕೆಳಗಿನ ಒಲೆಯ ಬಿಸಿಗೆ, ಮೇಲಿನ ಹೆಂಚಿನ ಕಾವಿಗೆ ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟು, ಕಾಯಿಯೊಳಗೇ ಉಂಡೆ ಕೊಬ್ಬರಿಯಾಗುತ್ತದೆ. ಅಂಥ ಕಡೆ ಬೂಷ್ಟು ಬದುಕುವುದಿಲ್ಲ. ಮೇಡಂ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಿ, ಆಗ ತಾನೇ ಖಾಲಿಯಾಗಿದ್ದ ಅಟ್ಟದ ಆ ತುದಿಯ ಮೂಲೆಯಲ್ಲಿ ಗೋಣಿಚೀಲ ಮುಚ್ಚಿ ಇಟ್ಟಿದ್ದರು.

“ಮಳೆ ನಿಂತ ಮೇಲೆ ತರೋಣ ಅಂತ ಇದ್ದೆ ಕಣಯ್ಯಾ. ವ್ಯಾಲ್ಯುಯೇಷನ್ನು, ಅದು ಇದು ಅಂತ ಹೋಗೋದು ತಡ ಆಯ್ತು. ಅಷ್ಟರಲ್ಲಿ ಕಾಯಿ ತುಂಬಿಬಿಟ್ಟಿದ್ರು.”

“ಪಕ್ಕದಲ್ಲಿ ಓಡಾಡೋಕೆ ದಾರಿ ಬಿಟ್ಟಿರ್ತಾರಲ್ಲ ಮೇಡಂ?”

“ಪ್ರತಿ ವರ್ಷ ಬಿಡ್ತಾರೆ. ಈ ಸಲ ಫಸಲು ಜಾಸ್ತಿ ಬಂತು, ಆಳುಗಳು ದಾರೀಗೂ ತುಂಬಿಬಿಟ್ರು. ಮೂಲೇಲಿ ಪೆಟ್ಟಿಗೆ ಇದೆ ಅಂತ ಅತ್ತೆಗೆ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ. ಈಗ ಅದು ಹೊರಗೆ ಬರಬೇಕು ಅಂದ್ರೆ ಅಟ್ಟ ಪೂರ್ತಿ ಇಳಿಸಬೇಕು. ಅಟ್ಟ ಇಳಿಸಬೇಕು ಅಂದ್ರೆ ಕೊಬ್ಬರಿ ಆಗಬೇಕು.”

“ಅತ್ತೆಗೆ ಗೊತ್ತಿತ್ತಾ?”

ನನ್ನ ಅನುಮಾನ ಅವರಿಗೆ ಕೂಡಲೇ ಅರ್ಥವಾಗಿ ಜೋರಾಗಿ ನಕ್ಕರು. “ನಾನು ಮೈಸೂರಿಗೆ ಹೋಗೋದನ್ನ ತಪ್ಪಿಸೋಕೆ ಮಾಡಿದ್ರು ಅಂತೀಯಾ? ಅವರಿಗೆ ಆ ಮನಸ್ಸಿದ್ದಿದ್ರೆ ಅಷ್ಟು ಕಾಯಿ ಯಾಕೆ ಬೇಕಿತ್ತಪ್ಪ, ಸುಮ್ನೆ ಪೆಟ್ಟಿಗೆ ಎತ್ತಿ ಬಾವಿಗೆ ಹಾಕಿರೋರು.”

ಪ್ರಿನ್ಸಿಪಾಲರಿಗೆ ಹೇಳಿಬಿಡೋಣ ಎಂದೆ. ಬೇಡ ಎಂದರು. ಕಾಲೇಜಿನ ಬೆಲೆಬಾಳುವ ಯಂತ್ರ ಅತ್ತೆ ಮನೆಯ ಅಟ್ಟದಲ್ಲಿದೆ ಎಂದು ಒಂದು ಸಲ ಸುದ್ದಿಯಾದರೆ, ಬೂಷ್ಟಿನ ವಿಷಯವನ್ನು ಆಮೇಲೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದರು. ಅದು ನನಗೂ ನಿಜವೆನಿಸಿತು. ನೋಡದೆ ಗುಂಡಿ ಒತ್ತು ಎಂದು ಅವರು ಕೇಳಲಿಲ್ಲ. ನಾನು ಒತ್ತುವವನೂ ಆಗಿರಲಿಲ್ಲ. ಹಾಗಾಗಿ ಒಂದು ಭಾನುವಾರ ಇಬ್ಬರೂ ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಿದೆವು.

ಆ ದಿನ ಮಳೆ ಬರುತ್ತಿತ್ತು ಎಂದು ನನಗೆ ನೆನಪು. ಬಿಸಿಲಿತ್ತು ಎಂದೂ ನೆನಪು. ಬಸ್ಸಿನ ಎರಡೂ ಕಡೆ ತೋಟಗಳು ಸರಿಯುತ್ತಿದ್ದವು. ತೆಂಗಿನ ಮರಗಳ ಸಾಲನ್ನು ಓಡುವ ಬಸ್ಸಿನಿಂದ ನೋಡಿದವರಿಗೆ ಗೊತ್ತು: ಒಂದು ಕ್ಷಣ ಎಲ್ಲ ಮರಗಳೂ ಗೊಂದಲವಾಗಿ ನಿಂತಿರುತ್ತವೆ, ಮರುಕ್ಷಣ ಉದ್ದನೆಯ ಓಣಿಯೊಂದು ತೆರೆದು ಅದರ ತುದಿಯಲ್ಲಿ ಒಂದು ಎಮ್ಮೆಯೋ ಒಂದು ಕೆರೆಯ ಚೂರೋ ಕಂಡು, ಮತ್ತೆ ಮುಚ್ಚಿಕೊಳ್ಳುತ್ತದೆ. ನಾನು ಅರೆನಿದ್ದೆಯಲ್ಲಿ ಅದನ್ನೇ ನೋಡುತ್ತ ಹೋದೆ. ಮೇಡಂ ಪಕ್ಕದ ಸೀಟಿನಲ್ಲಿ ಮೈಸೂರಿನ ಹಾಸ್ಟೆಲಿನಲ್ಲಿ ತಮಗಿಂತ ಇಪ್ಪತ್ತು ವರ್ಷ ಚಿಕ್ಕ ಹುಡುಗಿಯರ ಜೊತೆ ಒಂದೇ ಕೋಣೆಯಲ್ಲಿ ಇರಬೇಕಾಗಬಹುದು ಎಂದು ಹೇಳುತ್ತಿದ್ದರು. ಅವರ ದನಿಯಲ್ಲಿ ಹೆದರಿಕೆಯಿತ್ತೋ ಖುಷಿಯಿತ್ತೋ, ಬಸ್ಸಿನ ಸದ್ದಿನಲ್ಲಿ ತಿಳಿಯಲಿಲ್ಲ.

ಅತ್ತೆ ಜಗಲಿಯ ಮೇಲೆ ಕೂತು ತೆಂಗಿನ ಗರಿಯಿಂದ ಪೊರಕೆಗೆ ಕಡ್ಡಿ ಹೆರೆಯುತ್ತಿದ್ದರು. ಮಗ, ಅಂದರೆ ಮೇಡಂ ಯಜಮಾನರು, ಪಂಪ್‌ಸೆಟ್ ಕೆಟ್ಟಿದೆಯೆಂದು ತೋಟದಲ್ಲಿದ್ದರು. ಅತ್ತೆ ನನ್ನನ್ನು ಕಾಲಿನಿಂದ ತಲೆಯವರೆಗೂ ಒಂದು ಸಲ ನೋಡಿದರು.

“ಯಾರವ್ವ ಇದು?”

“ನನ್ನ ಸ್ಟೂಡೆಂಟು ಅತ್ತೆ. ಈಗ ನಮ್ಮ ಕಾಲೇಜಲ್ಲೇ ಮೇಷ್ಟ್ರು.”

“ಮೈಯಾಗೆ ಮಾಂಸ್ವೇ ಇಲ್ವಲ್ಲೇ. ನಿಮ್ ಕಾಲೇಜ್ನೋರು ಮೇಷ್ಟ್ರುಗೆ ಕೂಳು ಕಾಣ್ಸಾಕಿಲ್ವಾ?”

ಬಂದ ಕಾರಣ ಕೇಳುತ್ತಲೇ ಅವರ ಕೈಯಲ್ಲಿದ್ದ ಕುಡುಗೋಲು ನಿಂತಿತು. “ಅಟ್ಟ ಹತ್ತಂಗಿಲ್ಲ. ತುಂಬಿಸಿದ ಅಟ್ಟಕ್ಕೆ ಇಳಿಸೋ ದಿನದವರ್ಗೂ ಮನುಷ್ಯರ ಕಾಲು ತಾಕಬಾರ್ದು.”

“ಯಾಕಜ್ಜಿ?” ಎಂದೆ.

“ಯಾಕಂದ್ರೆ, ತಾಕಬಾರ್ದು ಕಣಪ್ಪ. ನಮ್ಮತ್ತೆ ಹೇಳೋರು.”

“ಅವರಿಗೆ ಯಾರು ಹೇಳಿದ್ರು?”

“ಅವರತ್ತೆ ಹೇಳಿರ್ತಾರೆ. ನೀನೇನ್ ಪೋಲೀಸಾ?”

ಕಾಯಿಗಳು ಉರುಳಿ ಒಂದಕ್ಕೊಂದು ಬಡಿದರೆ ಇನ್ನೂ ನೀರಿರುವ ಕಾಯಿಯ ಚಿಪ್ಪು ಒಳಗೇ ಬಿರಿದು ಕೆಡುತ್ತದೆ, ಅದಕ್ಕೇ ಹಾಗೆ ಹೇಳುತ್ತಾರೆ ಎಂದು ಮೇಡಂ ಮೆಲ್ಲಗೆ ವಿವರಿಸಿದರು. ಅತ್ತೆಗೆ ಆ ಕಾರಣ ಬೇಕಿರಲಿಲ್ಲ. ಅವರ ಸಿಟ್ಟು ಇನ್ನೊಂದು ಕಡೆ ಇತ್ತು.

“ಮೂರು ವರ್ಷ ಮೈಸೂರಂತೆ. ಕೂದ್ಲು ಬೆಳ್ಳಗಾಗೋ ಕಾಲ್ದಾಗೆ ಇಸ್ಕೂಲು.”

“ನೀವು ಹೋದ ವರ್ಷ ಸೈಕಲ್ ಕಲೀತೀನಿ ಅಂತ ಬಿದ್ದಿರಲ್ಲ ಅತ್ತೆ.”

“ನಾನ್ ಬಿದ್ದಿದ್ದು ನಮ್ ಅಂಗಳದಾಗೆ ಕಣೇ. ಮೈಸೂರ್ಗೋಗಿ ಬೀಳ್ಲಿಲ್ಲ.”

ಇಬ್ಬರೂ ನಗಲಿಲ್ಲ. ಆದರೆ ಇಬ್ಬರ ಮುಖವೂ ನಗುವಿಗೆ ಹತ್ತಿರ ಬಂದಿತ್ತು. ಅತ್ತೆ ಮತ್ತೆ ನನ್ನ ಕಡೆ ತಿರುಗಿ, ಈ ಸಲ ಸಂತೆಯಲ್ಲಿ ಕುರಿ ನೋಡುವವರ ಹಾಗೆ ಅಳೆದರು. ಮಂಡಿನೋವಿನಿಂದಾಗಿ ಆ ವರ್ಷ ಅವರು ಏಣಿ ಹತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ತುಂಬಿದ ಕಾಯಿ ಎಲ್ಲಿಗೆ ಬಂದಿದೆ ಎಂದು ತಿಳಿಯದೆ ಅವರಿಗೂ ನಿದ್ದೆ ಬರುತ್ತಿರಲಿಲ್ಲ.

“ಏ ಮೇಷ್ಟ್ರೇ. ಹಗುರ ಇದ್ದೀಯ. ಕಾಲಿಡದಂಗೆ ಹೊಟ್ಟೆ ಮ್ಯಾಲೆ ಹೋಗಾಕಾಯ್ತದಾ?”

“ಆಗುತ್ತೆ ಅಜ್ಜಿ.”

“ಹಂಗಾರೆ ನಾನು ಕೆಳಗಿಂದ ಎಲ್ಲೆಲ್ಲಿ ಬಡೀತೀನೋ ಅಲ್ಲಲ್ಲಿ ಒಂದ್ ಕಾಯಿ ತಗಂಡು ಅಲ್ಲಾಡ್ಸಿ ಹೇಳ್ಬೇಕು. ನಿನ್ ಪೆಟ್ಗೆ ನೀನ್ ನೋಡ್ಕ, ನನ್ ಕಾಯಿ ನಂಗೇಳು.”

ಏಣಿ ಹತ್ತಿ ತಲೆ ಒಳಗಿಟ್ಟಾಗ ಮೊದಲು ಬಂದದ್ದು ಬಿಸಿ. ಹೊಗೆ, ನಾರು, ಸ್ವಲ್ಪ ಸಿಹಿಯಾದ ಎಣ್ಣೆಯ ವಾಸನೆ. ಕಣ್ಣು ಹೊಂದಿಕೊಂಡ ಮೇಲೆ ಕಾಯಿಗಳು ಕಂಡವು. ಹೆಂಚಿನ ಇಳಿಜಾರಿನ ಕೆಳಗೆ ಕಂದು ಬಣ್ಣದ ಒಂದು ಕೆರೆ ನಿಂತ ಹಾಗಿತ್ತು. ಕೈ ಊರಿದರೆ ಅಲೆಯ ಹಾಗೆ ಒಂದು ಉರುಳು ದೂರದವರೆಗೂ ಸಾಗಿ, ಎಲ್ಲೋ ಮೆತ್ತಗೆ ದಡ ಮುಟ್ಟಿ ನಿಲ್ಲುತ್ತಿತ್ತು. ನಾನು ಈಜುವವನ ಹಾಗೆ ಹೊರಟೆ.

ಕೆಳಗಿನಿಂದ ಪೊರಕೆಯ ಹಿಂಭಾಗದಲ್ಲಿ ಹಲಗೆಗೆ ಬಡಿಯುವ ಸದ್ದು ಬಂತು. “ಇಲ್ಲಿ!”

ಒಂದು ಕಾಯಿ ಎತ್ತಿ ಅಲ್ಲಾಡಿಸಿದೆ. “ನೀರು ಕುಲುಕ್ತದೆ ಅಜ್ಜಿ.”

“ಎಳೇದು ಇನ್ನಾ. ಮುಂದ್ಕೋಗು.”

ಮುಂದೆ ಹೋದೆ. ಅಟ್ಟವನ್ನು ತುದಿಯಿಂದ ತುಂಬಿಕೊಂಡು ಬಂದಿದ್ದರಿಂದ, ಒಳಗೆ ಹೋದಷ್ಟೂ ಕಾಯಿ ಹಳೆಯದು. ಏಣಿಯ ಹತ್ತಿರದವು ಮೊನ್ನೆಯವು, ನಡುವಿನವು ಬೇಸಗೆಯವು, ತುದಿಯವು ಹೋದ ವರ್ಷದವು. ಸ್ವಲ್ಪ ದೂರದಲ್ಲಿ ಮತ್ತೆ ಬಡಿತ.

“ಸದ್ದೇ ಇಲ್ಲ ಅಜ್ಜಿ.”

“ಕಿವೀಗಿಟ್ಕಂಡು ಅಲ್ಲಾಡ್ಸಪ್ಪ! ಕೂಸಿನ ತೊಟ್ಲು ತೂಗ್ತಿದ್ದೀಯಾ?”

“ಇಲ್ಲ, ಏನೂ ಇಲ್ಲ.”

“ನೀರು ಹೀರ್ಕಂಡು ಕೂತೈತೆ. ಇನ್ನೂ ಚಿಪ್ಪು ಬಿಟ್ಟಿಲ್ಲ. ಹೋಗು ಹೋಗು.”

ಆಮೇಲೆ ಬಡಿತಗಳು ದೂರವಾಗುತ್ತ ಹೋದವು. ಬಹುಶಃ ಕೆಳಗೆ ಗೋಡೆ ಅಡ್ಡ ಬಂದಿರಬೇಕು. ನನ್ನ ಉಸಿರು, ಉರುಳುವ ಕಾಯಿ, ಹೆಂಚಿನ ಮೇಲೆ ಹಕ್ಕಿಯೋ ಹನಿಯೋ ಹೆಜ್ಜೆಯಿಡುವ ಸದ್ದು, ಇಷ್ಟೇ. ಯಾವಾಗಲೋ ನನ್ನ ಮೊಣಕೈ ತಾಗಿದ ಒಂದು ಕಾಯಿ ಒಳಗಿನಿಂದ ಲೊಡಲೊಡ ಎಂದಿತು. ಅದರ ಪಕ್ಕದ್ದೂ ಎಂದಿತು. ಆ ಮೂಲೆಯಲ್ಲಿ ನಾನು ಹೊರಳಿದ ಕಡೆಯೆಲ್ಲ ಒಣಗಿದ ಉಂಡೆಗಳು ತಮ್ಮ ಚಿಪ್ಪಿನ ಗೋಡೆಯನ್ನು ತಟ್ಟುತ್ತಿದ್ದವು. ಮುಚ್ಚಿದ ಬಾಗಿಲುಗಳಿರುವ ಒಂದು ಬೀದಿಯಲ್ಲಿ ಎಲ್ಲ ಮನೆಯವರೂ ಒಳಗಿನಿಂದ ಕರೆಯುತ್ತಿದ್ದಾರೆ ಎನ್ನಿಸಿತು. “ಅಲ್ಲಾಡ್ತಾ ಇದೆ ಅಜ್ಜಿ!” ಎಂದು ಕೂಗಿದೆ. ಕೆಳಗಿನಿಂದ ಉತ್ತರ ಬರಲಿಲ್ಲ.

ಇನ್ನು ಮುಂದಿನದು ನಾನು ಪ್ರಮಾಣ ಮಾಡಲಾಗದ ಭಾಗ.

ಮೂಲೆಯ ಹೆಂಚಿನಲ್ಲಿ ಒಂದು ಬಿರುಕಿತ್ತು. ಅದರೊಳಗಿಂದ ಬೆಳಕಿನ ಒಂದು ಗೆರೆ ಹೊಗೆಯನ್ನು ಸೀಳಿಕೊಂಡು ಇಳಿದಿತ್ತು. ಗೋಣಿಚೀಲ ಸರಿಸಿದೆ. ತೇಗದ ಪೆಟ್ಟಿಗೆ. ಮುಚ್ಚಳ ತೆರೆದೆ. ಹಿತ್ತಾಳೆ ಮೊನ್ನೆ ತಾನೇ ಒರೆಸಿದ ಹಾಗೆ ಹೊಳೆಯುತ್ತಿತ್ತು. ಮಸೂರದಲ್ಲಿ ನನ್ನ ಮುಖ ತಲೆಕೆಳಗಾಗಿ, ಸಾಸಿವೆಯಷ್ಟಾಗಿ ಕಂಡಿತು. ಮಖಮಲ್ಲಿನ ಗೂಡಿನಿಂದ ಪಟ್ಟಕವನ್ನು, ಆ ಮುಮ್ಮೂಲೆಯ ಗಾಜನ್ನು, ಎತ್ತಿ ಬೆಳಕಿನ ಗೆರೆಗೆ ಹಿಡಿದೆ. ಅಟ್ಟದ ಕತ್ತಲೆಯಲ್ಲಿ ಬಣ್ಣಗಳು ಬಿಚ್ಚಿಕೊಂಡವು. ತೊಲೆಯ ಮೇಲೆ ಕೆಂಪು, ಹೆಂಚಿನ ಮೇಲೆ ಹಸಿರು, ಕಾಯಿಗಳ ಬೆನ್ನಿನ ಮೇಲೆ ನೇರಳೆ. ಗಾಜನ್ನು ತುಸು ತಿರುಗಿಸಿದರೆ ಎಲ್ಲವೂ ಜಾಗ ಬದಲಿಸುತ್ತಿದ್ದವು. ಎಷ್ಟು ಹೊತ್ತು ಹಾಗೇ ಇದ್ದೆನೋ. ಜೇಬಿನಲ್ಲಿ ಬೆವರಿಗೆ ಒದ್ದೆಯಾಗಿದ್ದ ಸ್ಟಿಕರನ್ನು ಮುಚ್ಚಳದ ಒಳಭಾಗಕ್ಕೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದೆ. ಪೆಟ್ಟಿಗೆಯನ್ನು ಹೊರಗೆ ತರುವ ಮಾತೇ ಇರಲಿಲ್ಲ. ಒಂದು ಕೈಯಲ್ಲಿ ಅಷ್ಟು ಭಾರ ಹಿಡಿದು ಆ ಕೆರೆಯನ್ನು ದಾಟಲು ಸಾಧ್ಯವಿರಲಿಲ್ಲ.

ಇಳಿದಾಗ ಅತ್ತೆ ಟವೆಲು ಹಿಡಿದು ನಿಂತಿದ್ದರು. “ಎಲ್ಲಿ, ಇನ್ನೊಂದ್ ಸಲ ಹೇಳು. ಮೂಲೇವು ಅಲ್ಲಾಡ್ತಿದ್ವಾ?”

“ಎಲ್ಲಾ ಅಲ್ಲಾಡ್ತಿದ್ವು.”

“ಎಲ್ಲಾನುವೇ?”

“ನಾನು ಮುಟ್ಟಿದ್ದೆಲ್ಲಾ.”

ಅವರು ಬಾಯಿಗೆ ಬಟ್ಟೆಯಿಟ್ಟುಕೊಂಡು, ಮೊಮ್ಮಗುವಿಗೆ ಹಲ್ಲು ಬಂತೆಂದು ಕೇಳಿದವರ ಹಾಗೆ ನಕ್ಕರು. ಮುದ್ದೆ ಬಡಿಸುವಾಗ ಸೊಸೆಯ ಮುಖ ನೋಡದೆಯೇ ಕೇಳಿದರು, “ಮೈಸೂರಿಂದ ಶನಿವಾರ ಶನಿವಾರ ಬತ್ತೀಯೋ ಇಲ್ವೋ?”

“ಬತ್ತೀನಿ ಅತ್ತೆ.”

“ಬರ್ದಿದ್ರೆ ನಿನ್ ಪೆಟ್ಗೆ ಇಲ್ಲೇ ಐತೆ. ನಾನ್ ಕೊಡಾಕಿಲ್ಲ.”

ಅದು ಒಪ್ಪಿಗೆ ಎಂದು ಅರ್ಥವಾಗಲು ನನಗೆ ಬಸ್ಸು ಹತ್ತುವವರೆಗೂ ಬೇಕಾಯಿತು. ಮೇಡಂಗೆ ಅದು ಆಗಲೇ ತಿಳಿದು, ಮುದ್ದೆ ಮುರಿಯುವುದನ್ನು ನಿಲ್ಲಿಸಿ ಅತ್ತೆಯ ಕಡೆ ನೋಡಿದ್ದರು.

ಸೋಮವಾರ ಕಂಪ್ಯೂಟರಿನ ಮುಂದೆ ಕೂತಾಗ ನನ್ನ ಬೆರಳು ‘ಸೈಟೆಡ್’ ಗುಂಡಿಯ ಮೇಲೆ ನಿಂತಿತು. ಮೇಡಂ ಹಿಂದೆ ನಿಂತಿದ್ದರು.

“ಒತ್ತಯ್ಯಾ. ನೋಡಿದೆ ತಾನೇ?”

“ಒಂದೇ ಸಲ ನೋಡಿದ್ದು ಮೇಡಂ.”

“ಮೂರು ರೀಡಿಂಗ್ ತಗೊಳ್ಳೋಕೆ ಇನ್ನೆರಡು ಸಲ ಹತ್ತುತೀಯಾ? ಈ ಸಲ ಅತ್ತೆ ಪೊರಕೇನ ಹಲಗೆಗೆ ಬಡಿಯಲ್ಲ, ನಿಂಗೇ ಬಡೀತಾರೆ.”

ಒತ್ತಿದೆ. ಜಾಗ ಯಾವುದು ಎಂದು ಸಾಫ್ಟ್‌ವೇರ್ ಕೇಳಿತು. ಅದರ ಪಟ್ಟಿಯಲ್ಲಿ ಅಟ್ಟ ಇರಲಿಲ್ಲ. ಹೊಸ ಜಾಗ ಸೇರಿಸಬಹುದಿತ್ತು. ‘ಡ್ರೈ ಸ್ಟೋರ್’ ಎಂದು ಸೇರಿಸಿದೆ. ಸಾಲು ಹಸಿರಾಯಿತು. ಮಧ್ಯಾಹ್ನ ಪ್ರಿನ್ಸಿಪಾಲರು ಬಂದು ನೋಡಿದರು.

“ಡ್ರೈ ಸ್ಟೋರ್? ನಮ್ಮಲ್ಲಿ ಡ್ರೈ ಸ್ಟೋರ್ ಇದೆಯೇನ್ರೀ?”

“ಇದೆ ಸಾರ್. ತುಂಬಾ ಡ್ರೈ.”

“ವೆರಿ ಗುಡ್. ಕಮಿಟಿಯವರಿಗೆ ಇದನ್ನ ಮೊದಲು ತೋರಿಸ್ರೀ,” ಎಂದು ಹೊರಟುಹೋದರು. ಆ ವಾರವೇ ಮೇಡಂ ರಿಲೀವ್ ಆದರು. ಕಮಿಟಿಯವರು ಪರದೆಯ ಹಸಿರು ನೋಡಿ, ತಲೆಯಾಡಿಸಿ, ಊಟಕ್ಕೆ ಹೋದರು.

ಮುಂದಿನ ವರ್ಷ ನನ್ನ ಹಂಗಾಮಿ ಕೆಲಸ ಮುಂದುವರಿಯಲಿಲ್ಲ. ಹಾಸನಕ್ಕೆ ಹೋದೆ, ಅಲ್ಲಿಂದ ಇನ್ನೆಲ್ಲಿಗೋ. ಹೋದಲ್ಲೆಲ್ಲ ಈ ಕಥೆಯನ್ನು ಹೇಳಿದೆ. ಹೇಳುತ್ತ ಹೇಳುತ್ತ ಬಣ್ಣಗಳು ಹೆಚ್ಚಾದವೇನೋ. ಬಹಳ ವರ್ಷಗಳ ಮೇಲೆ ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಮೇಡಂ ಸಿಕ್ಕರು. ಕೂದಲು ಪೂರಾ ಬೆಳ್ಳಗಾಗಿತ್ತು. ನಾನು ಖುಷಿಯಿಂದ ಅಟ್ಟದ ಮಾತೆತ್ತಿ ಬಣ್ಣಗಳವರೆಗೂ ಬಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

“ಪೆಟ್ಟಿಗೆಗೆ ಬೀಗ ಇತ್ತಲ್ಲಯ್ಯಾ. ಬೀಗದ ಕೈ ನನ್ನ ಪರ್ಸಲ್ಲಿತ್ತು. ನೀನು ಹೆಂಗೆ ತೆಗೆದೆ?”

“ಬೀಗ ಇರಲಿಲ್ಲ ಮೇಡಂ.”

“ಇತ್ತು. ಪಟ್ಟಕ ಅಂತೂ ಒಳಗೆ ಇರಲೇ ಇಲ್ಲ. ಅದನ್ನ ನಾನು ಮನೇಲಿ ಸೀರೆ ಮಧ್ಯೆ ಇಟ್ಟಿದ್ದೆ.”

“ಹಾಗಾದ್ರೆ ನಾನು ನೋಡಿದ್ದೇನು?”

“ಪೆಟ್ಟಿಗೆ ನೋಡಿರ್ತೀಯ. ಆಮೇಲೆ ಅಟ್ಟ ಇಳಿಸಿದಾಗ ಎಲ್ಲಾ ಸರಿಯಾಗೇ ಇತ್ತು, ಮಸೂರ ಕನ್ನಡಿ ಥರ ಇತ್ತು. ಸ್ಟಿಕರೂ ಇತ್ತು ಪೆಟ್ಟಿಗೆ ಮೇಲೆ.”

“ಮೇಲೋ, ಮುಚ್ಚಳದ ಒಳಗೋ?”

ಅವರು ಯೋಚಿಸಿದರು. “ಮೇಲೆ ಅನ್ಸುತ್ತೆ,” ಎಂದರು. ಇನ್ನೂ ಸ್ವಲ್ಪ ಯೋಚಿಸಿ, “ಒಳಗೂ ಇರಬಹುದು ಕಣಯ್ಯಾ,” ಎಂದರು. ಅಷ್ಟರಲ್ಲಿ ಅವರ ಬಸ್ಸು ಬಂತು.

ಅತ್ತೆ ಆ ಹೊತ್ತಿಗಾಗಲೇ ತೀರಿಕೊಂಡಿದ್ದರು. ಮನೆಯ ಹೆಂಚು ತೆಗೆದು ತಾರಸಿ ಹಾಕಿಸಿದ್ದರು. ಕೇಳಲು ಯಾರೂ ಉಳಿದಿರಲಿಲ್ಲ, ಅಳೆಯಲು ಬಿರುಕೂ ಉಳಿದಿರಲಿಲ್ಲ. ಬೀಗ ಹಾಕಿದ ಪೆಟ್ಟಿಗೆಯೊಳಗಿನ ಹಿತ್ತಾಳೆ ನನಗೆ ಇವತ್ತಿಗೂ ಕಾಣುತ್ತದೆ. ಅದನ್ನು ಏನು ಮಾಡಬೇಕೋ ತಿಳಿಯದು.

ಬಸ್ಸು ಹೊರಟ ಮೇಲೆ ಹೊಳೆಯಿತು: ಕೇಳಬೇಕಾಗಿದ್ದ ಮಾತನ್ನೇ ನಾನು ಕೇಳಿರಲಿಲ್ಲ. ಅವರ ಪಿಎಚ್‌.ಡಿ. ಏನಾಯಿತು? ಕಾಲೇಜಿನ ಹಳಬರೊಬ್ಬರು, ಅತ್ತೆಗೆ ಹುಷಾರಿಲ್ಲವೆಂದು ಅರ್ಧಕ್ಕೇ ಬಿಟ್ಟು ಬಂದರು ಎಂದಿದ್ದರು. ಇನ್ನೊಬ್ಬರು, ಮುಗಿಸಿದರು ಆದರೆ ಪದವಿ ಸಿಗಲಿಲ್ಲ ಎಂದಿದ್ದರು. ಎರಡೂ ನಂಬಲರ್ಹವಾಗಿ ಕೇಳುತ್ತಿದ್ದವು. ಫೋನ್ ಮಾಡಿ ಕೇಳಿದರೆ ಅವರ ನೆನಪಿನ ಉತ್ತರ ಸಿಗುತ್ತಿತ್ತು. ಬಸ್ ಸ್ಟ್ಯಾಂಡಿನ ಮಾತುಕತೆಯಾದ ಮೇಲೆ ನನಗೆ ಅವರ ನೆನಪೂ ಸಾಕಾಗಲಿಲ್ಲ.

ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಮೈಸೂರಿಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಗ್ರಂಥಾಲಯಕ್ಕೆ ಹೋಗಿ, ಪ್ರಬಂಧಗಳ ವಿಭಾಗದಲ್ಲಿ ಕೇಳಿದೆ. ಅಲ್ಲಿದ್ದವರು ಒಳಗೆ ಹೋಗಿ ದಪ್ಪ ರಟ್ಟಿನ ಒಂದು ಪ್ರಬಂಧ ತಂದು ಮೇಜಿನ ಮೇಲಿಟ್ಟರು. ಬಿಸಿಯೇರಿದ ಹಾಗೆ ತೆಂಗಿನೆಣ್ಣೆಯಲ್ಲಿ ಬೆಳಕು ಬಾಗುವುದು ಹೇಗೆ ಬದಲಾಗುತ್ತದೆ ಎನ್ನುವುದು ಅದರ ವಿಷಯ. ಮೇಲೆ ಮೇಡಂ ಹೆಸರು. ಪದವಿ ಕೊಟ್ಟಿದೆ ಎನ್ನುವ ಮುದ್ರೆ. ರಜೆ ಮುಗಿಯುವ ವರ್ಷದ್ದೇ ಇಸವಿ. ಅವರು ಹೋದರು, ಮುಗಿಸಿದರು. ಇದಿಷ್ಟು ನಿಜ. ನಾನೇ ನೋಡಿ ಬಂದಿದ್ದೇನೆ.